ಪಂಚಮಿ ಜೋಕಾಲಿಗೆ ಹುಡುಗೂರು ಎಲ್ಲಿ?

ಈ ಸಲ ಪಂಚಮಿ ಉಂಡಿ ಕಟ್ಟಲಿಕ್ಕೆ ನಮ್ಮ ಪಡಸಾಲ್ಯಾಗ ಎಂಟು ಮಂದಿ ಕೂತಿದ್ವಿ. ಶೇಂಗಾದ್ದು, ಎಳ್ಳಿಂದು, ರವಾದ್ದು, ಗುಳ್ಳಡಕಿದು, ಪ್ರತಿ ವರ್ಷ ಹೆಂಗೋ ಹಂಗ ಎಲ್ಲಾ ಆತು. ಡಬ್ಬಿ ತುಂಬಿದ ಮ್ಯಾಲೆ ಬಾಜೂ ಮನಿ ಮಾವಶಿ ಸೆರಗಿಲೆ ಕೈ ಒರಸಿಕೋತ, "ಕಟ್ಟೋದೇನೋ ಕಟ್ಟಿದ್ವಿ, ತಿನ್ನೋರು ಯಾರವಾ?" ಅಂದ್ರು. ಎಲ್ಲಾರೂ ನಕ್ವಿ. ನಕ್ಕು ಮುಗದ ಮ್ಯಾಲೆ ನೋಡಿದ್ರ, ಎಂಟು ಮಂದ್ಯಾಗ ಐದು ಮಂದಿಗೆ ಶುಗರ್. ಎಲ್ಲಾರಕಿಂತ ಸಣ್ಣಾಕಿ ಅಂದ್ರ ಮೂಲಿಮನಿ ವೈನಿ, ಆಕಿಗೂ ನಲವತ್ತೊಂಬತ್ತು.

ನಾ 1992ರಾಗ ಮದುವಿಯಾಗಿ ಈ ಓಣಿಗೆ ಬಂದಾಗ ಬೇವಿನ ಗಿಡಕ್ಕ ಜೋಕಾಲಿ ಕಟ್ಟಿದ್ರ ಪಾಳಿ ಹಚ್ಚಬೇಕಾಗ್ತಿತ್ತು. ಹುಡುಗೂರ ಜಗಳ ಬಿಡಸೋದ್ರಾಗ ನಮ್ಮ ಹಬ್ಬ ಮುಗದು ಹೋಗ್ತಿತ್ತು. ಗಿಡ ಈಗೂ ಅದ. ಹಗ್ಗಾನೂ ನಮ್ಮ ಅಟ್ಟದ ಮ್ಯಾಲೆ ಅದ. ಎರಡು ವರ್ಷ ಆತು, ಕಟ್ಟಿಲ್ಲ. ಗಿಡ ಹತ್ತೋ ಕಾಕಾಗ ಈಗ ಅರವತ್ತಾರು, ಕಾಕು ಹತ್ತಗೊಡಂಗಿಲ್ಲ.

ಆವತ್ತ ರಾತ್ರಿ ನಿದ್ದಿ ಬರಲಿಲ್ಲ. ಹಾಲಿನ ಲೆಕ್ಕಾ ಬರಿಯೋ ಡೈರಿ ತಗೊಂಡು ಓಣಿದ ಇಪ್ಪತ್ತೆರಡು ಮನಿದ್ದು ಖಾನೇಷುಮಾರಿ ಮಾಡಿದೆ. ಸಾಲಿಗೆ ಹೋಗೋ ಹುಡುಗೂರು ಒಂಬತ್ತು. ಅರವತ್ತು ದಾಟಿದವರು ಮೂವತ್ತೊಂದು. ಎರಡು ಮನಿಗೆ ಕೀಲಿ ಬಿದ್ದದ, ಒಂದರ ಮಾಲಕರು ಪುಣೆದಾಗ, ಇನ್ನೊಂದರವರು ಅಮೆರಿಕಾದಾಗ. ಬರದದ್ದು ಎರಡೆರಡು ಸಲ ತಿದ್ದಿದೆ, ತಪ್ಪಾಗೇದೇನೋ ಅಂತ. ತಪ್ಪಾಗಿದ್ದಿಲ್ಲ.

ಇದು ನಮ್ಮ ಓಣಿ ಕಥಿ ಅಷ್ಟ ಅಂತ ತಿಳೀಬ್ಯಾಡ್ರಿ. 2011ರ ಜನಗಣತಿಯೊಳಗ ನಮ್ಮ ರಾಜ್ಯದಾಗ 6 ಕೋಟಿ 11 ಲಕ್ಷ ಮಂದಿ ಇದ್ರು, ಅದರಾಗ ಅರವತ್ತು ದಾಟಿದವರು ನೂರಕ್ಕ 9.5. ಆಮ್ಯಾಲೆ ಜನಗಣತಿನ ಆಗಿಲ್ಲ, 2021ರಾಗ ಆಗಬೇಕಾದದ್ದು ಈಗ 2027ಕ್ಕ ಅಂತ. ಅಲ್ಲೀತನಕ ಕೇಂದ್ರದ ತಜ್ಞರ ಅಂದಾಜಿನ ಮ್ಯಾಲೆ ನಡೀಬೇಕು. 2021ಕ್ಕ ನೂರಕ್ಕ 11.5, 2031ಕ್ಕ ನೂರಕ್ಕ 15 ಅಂತ ಅವರು ಲೆಕ್ಕಾ ಹಾಕ್ಯಾರ. ಅಂದ್ರ ಇನ್ನ ಐದಾರು ವರ್ಷಕ್ಕ, ಏಳು ಮಂದಿ ಕೂಡಿ ನಿಂತ್ರ ಅದರಾಗೊಬ್ಬರು ಅರವತ್ತು ದಾಟಿದವರು. ಆ ಒಬ್ಬಾಕಿ ನಾನ. 2031ಕ್ಕ ನನಗ ಅರವತ್ತೆರಡು.

ಹಿಂಗ್ಯಾಕಾತು ಅಂದ್ರ ಭಾಳ ದೂರ ಹೋಗೋದು ಬ್ಯಾಡ. ನಮ್ಮವ್ವ ಹಡದದ್ದು ಆರು, ಉಳದದ್ದು ಐದು. ನಾ ಹಡದದ್ದು ಎರಡು. ನನ್ನ ಮಗಳು ಒಂದು ಹಡದು ಸಾಕಂದ್ಲು. ರಾಜ್ಯದ್ದೂ ಇದ ಕಥಿ. ಕುಟುಂಬ ಆರೋಗ್ಯ ಸಮೀಕ್ಷೆ ಅಂತ ಮಾಡ್ತಾರಲ್ಲ, ಅದರೊಳಗ 1992-93ರಾಗ ಕರ್ನಾಟಕದಾಗ ಒಬ್ಬ ಹೆಣ್ಣುಮಗಳಿಗೆ ಸರಾಸರಿ 2.9 ಮಕ್ಕಳು ಅಂತಿತ್ತು. 2019-21ಕ್ಕ 1.7ಕ್ಕ ಇಳೀತು. ಮಂದಿ ಇದ್ದಷ್ಟ ಉಳೀಬೇಕಂದ್ರ 2.1 ಬೇಕಂತ. ಪಾಯಿಂಟ್ ಒಂದು ಕೂಸು ಹೆಂಗಿರ್ತದ ಅಂತ ಕೇಳಬ್ಯಾಡ್ರಿ, ಲೆಕ್ಕಾ ಅಂದ್ರ ಹಂಗ.

ಈಗ ಮಜಾ ಕೇಳ್ರಿ. ನಾವು ಸಣ್ಣವರಿದ್ದಾಗ ಸಾಲಿ ಗ್ವಾಡಿ ಮ್ಯಾಲೆ, ಬಸ್ಸಿನ ಹಿಂದ, ದವಾಖಾನಿ ಬಾಗಲದಾಗ ಎಲ್ಲೆ ನೋಡಿದ್ರೂ ಕೆಂಪು ತ್ರಿಕೋನ. "ನಾವಿಬ್ಬರು ನಮಗಿಬ್ಬರು" ಅಂತ ಬರದಿರ್ತಿದ್ರು. ಹಳೇ ಮೈಸೂರು ಸಂಸ್ಥಾನದವರು 1930ರಷ್ಟ ಹಿಂದನ ಸರ್ಕಾರಿ ದವಾಖಾನ್ಯಾಗ ಸಂತಾನ ನಿಯಂತ್ರಣದ ಕ್ಲಿನಿಕ್ ತಗದಿದ್ರು. (ನಮ್ಮ ಧಾರವಾಡ ಆವಾಗ ಮುಂಬೈ ಇಲಾಖೆದಾಗಿತ್ತು, ಆ ಮಾತು ಬ್ಯಾರೆ.) ಒಟ್ಟಿನ ಮ್ಯಾಲೆ ಮಕ್ಕಳು ಕಡಿಮಿ ಹಡೀರಿ ಅಂತ ಹೇಳಿದವರು ಅವರ. ನಾವು ಕೇಳಿದ್ವಿ. ನಾವು ಅಂದ್ರ ಯಾರು? ಹೆಂಗಸೂರು. ಅದ 2019-21ರ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದಾಗ ಮದುವ್ಯಾದ ಹೆಂಗಸೂರೊಳಗ ನೂರಕ್ಕ 57 ಮಂದಿ ಆಪರೇಶನ್ ಮಾಡಿಸಿಕೊಂಡವರು. ಗಂಡಸೂರದು? ಸೊನ್ನಿ ಪಾಯಿಂಟ್ ಸೊನ್ನಿ. ನಮ್ಮನಿಯವರಿಗೆ ಓದಿ ಹೇಳಿದೆ, ಪೇಪರ್ ಮುಖಕ್ಕ ಅಡ್ಡ ಹಿಡಕೊಂಡ್ರು.

ಹೊಟ್ಟಿ ಕೊಯ್ಯಿಸಿಕೊಂಡವರೂ ನಾವ, ಈಗ "ಯಾಕ್ರವಾ ಹಡೀವಲ್ರಿ" ಅಂತ ಕೇಳಿಸಿಕೊಳ್ಳೋರೂ ನಾವ. 2024ರ ಅಕ್ಟೋಬರದಾಗ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರು ಹೆಚ್ಚಿಗಿ ಮಕ್ಕಳು ಬೇಕು ಅಂದ್ರು. ಎರಡಕ್ಕಿಂತ ಹೆಚ್ಚಿದ್ದವರು ಸ್ಥಳೀಯ ಚುನಾವಣಿಗೆ ನಿಲ್ಲಬಾರದು ಅನ್ನೋ ಕಾಯ್ದೆ ಅಲ್ಲಿತ್ತು, ಅದನ್ನೂ ತಗದ್ರು. ಅದರ ಬೆನ್ನಿಗೇ ತಮಿಳುನಾಡಿನ ಸ್ಟಾಲಿನ್ ಅವರು ಸಾಮೂಹಿಕ ಮದುವ್ಯಾಗ ಅಂಥಾದ್ದ ಮಾತಾಡಿದ್ರು.

ಅವರ ಸಂಕಟ ನನಗ ತಿಳೀತದ. ಲೋಕಸಭೆದಾಗ ನಮ್ಮ ರಾಜ್ಯಕ್ಕ 28 ಸೀಟು, ಅದು 1971ರ ಜನಸಂಖ್ಯೆ ಮ್ಯಾಲೆ ನಿಂತ ಲೆಕ್ಕ. 1976ರಾಗ ಒಮ್ಮೆ, 2001ರಾಗ ಇನ್ನೊಮ್ಮೆ ಅದನ್ನ ಹಂಗ ಇಡ್ರಿ ಅಂತ ಕಾಯ್ದೆ ಮಾಡಿದ್ರು. 2026 ದಾಟಿದ ಮ್ಯಾಲೆ ಆಗೋ ಜನಗಣತಿ ತನಕ ಅಷ್ಟ. ಆಮ್ಯಾಲೆ ಮಂದಿ ಎಣಿಸಿ ಸೀಟು ಹಂಚಿದ್ರ, ಕಡಿಮಿ ಹಡದ ರಾಜ್ಯಗಳ ಪಾಲು ಕಡಿಮಿ ಆಗ್ತದ. ರೊಕ್ಕದ ಪಾಲಿನ್ಯಾಗ ಈಗಾಗಲೇ ನಮಗ ಪೆಟ್ಟು ಬಿದ್ದದ. ಹದಿನಾಲ್ಕನೇ ಹಣಕಾಸು ಆಯೋಗದಾಗ ರಾಜ್ಯಗಳಿಗೆ ಹಂಚೋ ತೆರಿಗಿ ನೂರು ರೂಪಾಯಿದಾಗ ನಮಗ 4 ರೂಪಾಯಿ 71 ಪೈಸಾ ಬರ್ತಿತ್ತು, ಹದಿನೈದನೇದ್ರಾಗ 3 ರೂಪಾಯಿ 65 ಪೈಸಾ ಆತು. ಇದಕ್ಕ ಕಾರಣ ಜನಸಂಖ್ಯೆ ಒಂದ ಅಲ್ಲ, ಬೆಂಗಳೂರಿನ ಗಳಿಕಿ ನೋಡಿ ನೀವು ಸಾವಕಾರ್ರು ಅಂತ ಕಡಿಮಿ ಕೊಟ್ಟದ್ದೂ ಅದ.

ಮನಿ ಮಾತಿನ್ಯಾಗ ಹೇಳಬೇಕಂದ್ರ, ಇಬ್ಬರು ಅಣ್ಣತಮ್ಮಂದ್ರು. ಅಪ್ಪ ಹೇಳಿದಂಗ ಕೇಳಿ ಅಣ್ಣ ಎರಡಕ್ಕ ನಿಲ್ಲಿಸಿದ. ತಮ್ಮಗ ಆರು. ಮೂವತ್ತು ವರ್ಷ ಬಿಟ್ಟು ಅಪ್ಪ ಊಟದ ತಾಟು ಎಣಿಸಿ ಜೋಳದ ಚೀಲ ಹಂಚಿದ್ರ ಅಣ್ಣನ ಹೆಂಡತಿಗೆ ಹೊಟ್ಟಿ ಉರೀತದೋ ಇಲ್ಲೋ? ಉರೀತದ. ಖರೇನ ಅನ್ಯಾಯ. ಆದ್ರ ಅದಕ್ಕ ಆಕಿ ಐವತ್ತರ ವಯಸ್ಸಿನ್ಯಾಗ ಸೊಸಿಗೆ "ಇನ್ನೆರಡು ಹಡಿ, ತಾಟು ಹೆಚ್ಚಿಗಿ ಮಾಡೋಣ" ಅಂದ್ರ? ಸೀಟಿನ ಜಗಳ ದಿಲ್ಲಿಯೊಳಗ ಮಾಡಬೇಕು, ನನ್ನ ಮಗಳ ಹೊಟ್ಟಿಯೊಳಗಲ್ಲ.

ಮ್ಯಾಲೆ ಲೆಕ್ಕನೂ ಹೊಂದಂಗಿಲ್ಲ. ಈ ವರ್ಷ ಹುಟ್ಟಿದ ಕೂಸು ಓದಿ, ನೌಕರಿ ಹತ್ತಿ, ಪಗಾರ ತರಬೇಕಂದ್ರ ಇಪ್ಪತ್ತೆರಡು ವರ್ಷ. ಆವಾಗ ನನಗ ಎಪ್ಪತ್ತೆಂಟು. ನಡುವಿನ ಇಪ್ಪತ್ತು ವರ್ಷ ಆ ಕೂಸನ್ನೂ ನೋಡಬೇಕು, ಮುದುಕರನ್ನೂ ನೋಡಬೇಕು. ನೋಡೋರು ಯಾರು ಅಂತ ಯಾವ ಮುಖ್ಯಮಂತ್ರಿನೂ ಹೇಳಲಿಲ್ಲ.

ಇಷ್ಟು ಬರದೆ ಅಂತ ನಾ ಏನು ದೊಡ್ಡ ಶಾಣ್ಯಾಕಿ ಅಲ್ಲ. ಮಗಳಿಗೆ ಇನ್ನೊಂದು ಹಡಿ ಅಂತ ಎರಡು ವರ್ಷ ಬೆನ್ನು ಹತ್ತಿದಾಕಿ ನಾನ. ಫೋನ್ ಮಾಡಿದಾಗೊಮ್ಮೆ ಅದ. "ಒಂದ ಕಣ್ಣು ಕಣ್ಣಲ್ಲ" ಅಂತ ನಮ್ಮವ್ವ ಹೇಳಿದ್ದನ್ನ ನಾ ಹೇಳೋದು. ಒಂದಿನ ಆಕಿ ಬಸ್ಸಿನ್ಯಾಗ ನಿಂತಕೊಂಡ, ಆಫೀಸಿನಿಂದ ಬರೋವಾಗ, ಮೆತ್ತಗ ಕೇಳಿದ್ಲು, "ಆತಮ್ಮಾ, ಹಡೀತೀನಿ. ನೀ ಬಂದು ಎರಡು ವರ್ಷ ಬೆಂಗಳೂರಾಗ ಇರ್ತೀ ಏನು?" ನನಗ ಬಾಯಿ ಬರಲಿಲ್ಲ. ಯಾಕಂದ್ರ ನಮ್ಮ ಅತ್ತಿಯವರು.

ಅತ್ತಿಯವರಿಗೆ ಎಂಬತ್ತನಾಲ್ಕು. 2019ರಾಗ ಬಚ್ಚಲದಾಗ ಜಾರಿ ಚಪ್ಪಿ ಎಲುಬು ಮುರಕೊಂಡ್ರು. ಆಪರೇಶನ್ ಆತು, ಆದ್ರ ಮೊದಲಿನಂಗ ಓಡ್ಯಾಡಲಿಲ್ಲ. ಆವಾಗ ನಾ ಮನ್ಯಾಗ ಜಂಪರ್ ಹೊಲೀತಿದ್ದೆ, ಲಗ್ನದ ಸೀಜನ್ನಿನ್ಯಾಗ ಕೈಗೆ ಪುರಸೊತ್ತು ಇರ್ತಿದ್ದಿಲ್ಲ, ನಾಕು ದುಡ್ಡು ನನ್ನವು ಅಂತ ಇರ್ತಿದ್ವು. ಈಗ ಮಶೀನ್ ಮ್ಯಾಲೆ ಅವರ ಔಷಧದ ಡಬ್ಬಿ. ಒಬ್ಬ ಬಾಯಿನ್ನ ಹಗಲಿಗಷ್ಟ ಕೇಳಿದ್ವಿ, ತಿಂಗಳಿಗೆ ಹನ್ನೆರಡು ಸಾವಿರ ಅಂದ್ಲು. ಆಕಿ ಕೇಳಿದ್ದು ತಪ್ಪಲ್ಲ, ಎತ್ತಿ ಕೂಡಸೋ ಕೆಲಸ ಅಂದ್ರ ಸಣ್ಣದಲ್ಲ. ನಮ್ಮನಿಯವರ ಪೆನ್ಶನ್ನಿನ್ಯಾಗ ಅದು ಹೊಂದಲಿಲ್ಲ, ಅಷ್ಟ. ಅತ್ತಿಯವರು ಕೆಟ್ಟವರಲ್ಲ, ಈ ಮಾತು ಬರೀಲಿಕ್ಕೆ ಅವರನ್ನ ಕೇಳಿನ ಬರೀಲಿಕತ್ತೀನಿ. "ಬರಿ, ನನಗೂ ಬ್ಯಾಸರ ಆಗೇದ ಅಂತನೂ ಬರಿ" ಅಂದ್ರು.

ಮೂಲಿಮನಿ ವೈನಿ ಹೇಳ್ತಾರ, "ಹಿಂದಕ ಎಲ್ಲಾರ ಮನ್ಯಾಗೂ ಮುದುಕರಿದ್ರು, ಹಿಂಗ ಯಾರೂ ಗೋಳಾಡಲಿಲ್ಲ, ಈಗಿನವರಿಗೆ ಕರುಣಾ ಇಲ್ಲ" ಅಂತ. ನಾ ಒಪ್ಪಂಗಿಲ್ಲ ವೈನಿ, ಸಿಟ್ಟಾಗಬ್ಯಾಡ್ರಿ. 1970-75ರ ಹೊತ್ತಿಗೆ ನಮ್ಮ ದೇಶದಾಗ ಸರಾಸರಿ ಆಯುಷ್ಯ 50ರ ಹತ್ರ. ಈಗ 70. ಹುಟ್ಟಿದ ಕೂಡಲೇ ಹೋದ ಕೂಸುಗಳ ಲೆಕ್ಕನೂ ಅದರಾಗ ಕೂಡೇದ, ಗೊತ್ತದ. ಆದ್ರೂ ಎಂಬತ್ತನಾಲ್ಕು ಮುಟ್ಟಿದವರು ಆವಾಗ ಊರಿಗೆ ಎಷ್ಟು ಮಂದಿ ಇದ್ರು ಅಂತ ನೆನಿಸಿಕೋರಿ. ಇದ್ದವರನ್ನ ನೋಡಲಿಕ್ಕೆ ಮನಿ ತುಂಬ ಸೊಸ್ತ್ಯಾರು, ಹೆಣ್ಣುಮಕ್ಕಳು, ಅವರೂ ಇಪ್ಪತ್ತು ಮೂವತ್ತರ ವಯಸ್ಸಿನವರು. ಈಗ ಎಂಬತ್ತನಾಲ್ಕರವರನ್ನ ಎತ್ತೋ ಸೊಸಿಗೆ ಐವತ್ತಾರು, ಮೊಳಕಾಲು ಬ್ಯಾನಿ, ಬಿ.ಪಿ. ಗುಳಿಗಿ. ಮುದುಕಿ ಮುದುಕಿನ್ನ ಎತ್ತಲಿಕತ್ತಾಳ. ಕರುಣಾ ಇದ್ದದ್ದಕ್ಕ ಇಷ್ಟರ ನಡದದ.

ನಮ್ಮ ದೊಡ್ಡ ನೆಗೆಣ್ಣಿದು ಇನ್ನೊಂದು ಥರ. ಹಳ್ಯಾಗ ಒಬ್ಬರ. ಭಾವನವರು ಹೋಗಿ ಆರು ವರ್ಷ ಆತು. ಮಕ್ಕಳಿಬ್ಬರೂ ಹೊರಗ, ಸಣ್ಣ ನೌಕರಿ, ಕೆಟ್ಟ ಮಕ್ಕಳಲ್ಲ, ದಿನಾ ಫೋನ್ ಮಾಡ್ತಾರ. ಸಂಧ್ಯಾ ಸುರಕ್ಷಾದ 1200 ರೂಪಾಯಿ ಬರ್ತದ. ಕೆಲವೊಮ್ಮೆ ಹೆಬ್ಬಟ್ಟು ಮಶೀನ್ ತಗೊಳ್ಳಂಗಿಲ್ಲ, ಐವತ್ತು ವರ್ಷ ಭಾಂಡೆ ತಿಕ್ಕಿ ಬೆರಳಿನ ಗೆರಿ ಸವದಾವ. 1200ರಾಗ ತಿಂಗಳದ ಗುಳಿಗಿಗೆ 700. ಕೇಂದ್ರದ್ದು ಇನ್ನೂ ಚಂದ. ವೃದ್ಧಾಪ್ಯ ವೇತನದಾಗ ಎಂಬತ್ತರ ಒಳಗಿನವರಿಗೆ ಅವರು ಕೊಡೋ ಪಾಲು ತಿಂಗಳಿಗೆ 200 ರೂಪಾಯಿ. ಎಷ್ಟೋ ವರ್ಷದಿಂದ ಅಷ್ಟ ಅದ. ಶೇಂಗಾ ಎಣ್ಣಿ ಒಂದು ಕಿಲೋ ಬರೋದು ಕಷ್ಟ.

ತಂದಿತಾಯಿನ್ನ ನೋಡದ ಮಕ್ಕಳ ಮ್ಯಾಲೆ 2007ರಾಗ ಕಾಯ್ದೆ ಬಂತು. ಉಪವಿಭಾಗಾಧಿಕಾರಿ ಹಂತ್ಯಾಕ ಅರ್ಜಿ ಕೊಡಬಹುದು, ನೋಡಿಕೊಳ್ತೀನಿ ಅಂತ ಹೇಳಿ ಬರಿಸಿಕೊಂಡ ಆಸ್ತಿನೂ ವಾಪಸ್ ಕೇಳಬಹುದು. ಯಾರಿಗಾದ್ರೂ ಬೇಕಾದ್ರ 14567 ನಂಬರಿಗೆ ಫೋನ್ ಹಚ್ಚಿದ್ರ ಹಿರಿಯರಿಗೆ ದಾರಿ ಹೇಳ್ತಾರ, ಕಪಾಟಿನ ಬಾಗಲಕ್ಕ ಬರದು ಅಂಟಸ್ರಿ. ಆದ್ರ ಕಾಯ್ದೆ ಇರೋದು ಕೆಟ್ಟ ಮಕ್ಕಳಿಗೆ. ಐನೂರು ಕಿಲೋಮೀಟರ್ ದೂರ ಇರೋ ಛಲೋ ಮಕ್ಕಳಿಗೆ ಏನು ಮಾಡೋದು? ನೆಗೆಣ್ಣಿ ರಾತ್ರಿ ಬಿದ್ರ ಮುಂಜಾನೆ ಹಾಲಿನಾವ ಬಂದಾಗಷ್ಟ ಗೊತ್ತಾಗ್ತದ.

ರಾಜ್ಯದ ಮುಂದಿನ ಗತಿ ಅಂದ್ರ ಇದ, ನನ್ನ ಪ್ರಕಾರ. ರಸ್ತೆ, ಕಾರಖಾನಿ, ಐ.ಟಿ. ಎಲ್ಲಾ ಇರಲಿ. 2001ರಿಂದ 2011ರ ಹತ್ತು ವರ್ಷದಾಗ ಬೆಂಗಳೂರು ನಗರ ಜಿಲ್ಲಾ ನೂರಕ್ಕ 47 ಬೆಳೀತು, ಅದ ಹತ್ತು ವರ್ಷದಾಗ ಚಿಕ್ಕಮಗಳೂರು ಜಿಲ್ಲಾದಾಗ ಮಂದಿ ಇದ್ದದ್ದಕ್ಕಿಂತ ಕಡಿಮಿ ಆದ್ರು. ಹುಡುಗೂರು ಒಂದು ಕಡೆ, ಅಪ್ಪ ಅವ್ವ ಇನ್ನೊಂದು ಕಡೆ. ಹಿಂಗ ಒಂದ ಕಡೆ ತೂಕ ಬಿದ್ದ ತಕ್ಕಡಿ ಎಷ್ಟು ದಿನ ನಡೀತದ?

ಯಾದಗಿರಿ ಕಡೆ ಹಂಗಿಲ್ಲ. ಅಲ್ಲಿ ಅದ ಹತ್ತು ವರ್ಷದಾಗ ಮಂದಿ ನೂರಕ್ಕ 22ಕ್ಕಿಂತ ಹೆಚ್ಚಾದ್ರು. ಆದ್ರ ಓದು ಬರಹ ಬರೋರು 2011ರಾಗ ನೂರಕ್ಕ 52 ಅಷ್ಟ, ರಾಜ್ಯದಾಗ ಎಲ್ಲಾರಕಿಂತ ಕಡಿಮಿ. ಅಲ್ಲಿ ಹೆಣ್ಣುಹುಡುಗಿ ಏಳನೇತ್ತಕ್ಕ ಸಾಲಿ ಬಿಟ್ಟು ಹತ್ತಿ ಬಿಡಸಲಿಕ್ಕೆ ಹೋದ್ರ ಅದು ಆಕಿ ಅವ್ವಗಷ್ಟ ನಷ್ಟ ಅಂತ ನಾವು ತಿಳಕೊಂಡೇವಿ. ನಾಳೆ ನನಗ ಇಂಜೆಕ್ಷನ್ ಚುಚ್ಚೋ ನರ್ಸ್, ಮೊಳಕಾಲಿಗೆ ವ್ಯಾಯಾಮ ಹೇಳೋಕಿ, ತೆರಿಗಿ ಕಟ್ಟಿ ನಮ್ಮ ನೆಗೆಣ್ಣಿ ಪೆನ್ಶನ್ ನಡಸೋಕಿ ಆಕಿನ. ಹೊಸಾ ಕೂಸು ಬೇಕಂತ ಕೂಗೋಕಿಂತ ಹುಟ್ಟಿದ ಕೂಸಿನ್ನ ಸಾಲ್ಯಾಗ ಉಳಸೋದು ಸಲೀಸು. ಹುಬ್ಬಳ್ಳಿ ಹೋಟೆಲ್ಲಿನ್ಯಾಗ ನಮ್ಮ ತಾಟಿಗೆ ಭಕ್ರಿ ತಂದಿಡೋ ಹುಡುಗ ಈಗ ಬಿಹಾರದಾವ. ಅಲ್ಲಿ ಈಗೂ ಸರಾಸರಿ ಮೂರು ಮಕ್ಕಳು. "ಹೊರಗಿನವರು ಬಂದು ತುಂಬ್ಯಾರ" ಅಂತ ನಾವು ಮೂಗು ಮುರೀತೀವಿ. ನಾಳೆ ಮಂಚ ಎತ್ತೋರು ಅವರ ಇರ್ತಾರ, ಸ್ವಲ್ಪ ಹಗರ ಮಾತಾಡೋಣ.

ಕೇರಳದವರು ನಮಗಿಂತ ಹತ್ತು ಹದಿನೈದು ವರ್ಷ ಮುಂದ ಮುದುಕರಾಗ್ಯಾರ. 2021ಕ್ಕ ಅಲ್ಲಿ ಅರವತ್ತು ದಾಟಿದವರು ನೂರಕ್ಕ 16.5 ಅಂತ ಅಂದಾಜು. ಪತ್ತನಂತಿಟ್ಟ ಅಂತ ಒಂದು ಜಿಲ್ಲಾ, 2011ರಾಗ ಅಲ್ಲೂ ಮಂದಿ ಕಡಿಮಿ ಆಗಿದ್ರು. ಅವರ ಗೋಳು ಕೇಳಿ ಹೆದರೋದಕ್ಕಿಂತ ಅವರು ಮಾಡಿದ್ದೊಂದು ನೋಡ್ರಿ. 1993ರಾಗ ಕೋಝಿಕ್ಕೋಡದಾಗ ಕೆಲವು ಡಾಕ್ಟರ್ ಸೇರಿ ಹಾಸಿಗಿ ಹಿಡದವರ ಬ್ಯಾನಿ ಕಡಿಮಿ ಮಾಡೋ ಒಂದು ಸಂಸ್ಥೆ ಶುರು ಮಾಡಿದ್ರು. ಬರಬರ್ತಾ ಓಣಿ ಮಂದಿಗೇ ತರಬೇತಿ ಕೊಟ್ರು. ಹಾಸಿಗಿ ಹುಣ್ಣು ಹೆಂಗ ತೊಳೀಬೇಕು, ರೋಗಿನ್ನ ಹೆಂಗ ಹೊರಳಸಬೇಕು, ಇದೆಲ್ಲಾ ಕಲತ ಮನಿಮಂದಿ, ಮಾಸ್ತರು, ಕಾಲೇಜು ಹುಡುಗೂರು ನರ್ಸ್ ಕೂಡ ಮನಿಮನಿಗೆ ಹೋಗ್ತಾರ. 2008ರಾಗ ಅಲ್ಲಿ ಸರ್ಕಾರನ ಅದಕ್ಕೊಂದು ನೀತಿ ಮಾಡ್ತು, ಪಂಚಾಯ್ತಿಗಳು ಹೊಣೆ ಹೊತ್ತುಕೊಂಡ್ವು. ಇದಕ್ಕೆ ದೊಡ್ಡ ಬಿಲ್ಡಿಂಗ್ ಬೇಕಾಗಿಲ್ಲ.

ನಮ್ಮಲ್ಲೇನು ಕಡಿಮಿ ಅದ? ಓಣಿಗೊಂದು ಸ್ತ್ರೀಶಕ್ತಿ ಗುಂಪು, ಅಂಗನವಾಡಿ, ಆಶಾ ಕಾರ್ಯಕರ್ತೆ. ಆದ್ರ ಅವರಿಗೂ ಈಗಾಗಲೇ ಕತ್ತಿ ಹೊರೋ ಕೆಲಸ, ಬರೋ ರೊಕ್ಕ ಅಷ್ಟಕ್ಕಷ್ಟ. ಇದನ್ನೂ ಪುಕ್ಕಟ ಮಾಡವಾ ಅಂತ ಅವರ ತಲಿಗೆ ಕಟ್ಟಬಾರದು. ಪಗಾರ ಕೊಡಬೇಕು. ನಾ ಕೇಳೋದು ಅದನ್ನ. ಕೂಸಿಗೆ ಅಂಗನವಾಡಿ ಇದ್ದಂಗ ಹಿರಿಯರಿಗೆ ಹಗಲ ಕೂಡಲಿಕ್ಕೆ ಒಂದು ಖೋಲಿ, ಎರಡು ಮಂಚ, ಕಲತ ಇಬ್ಬರು ಹೆಣ್ಣುಮಕ್ಕಳು, ವಾರಕ್ಕೊಮ್ಮೆ ಡಾಕ್ಟರ್. ಮುಂಜಾನೆ ಹತ್ತರಿಂದ ಸಂಜೀಕ ಐದರ ತನಕ ಅತ್ತಿಯವರು ಅಲ್ಲಿ ತಮ್ಮ ವಾರಗಿಯವರ ಕೂಡ ಹರಟಿ ಹೊಡದ್ರ ಅವರ ಬ್ಯಾಸರಾನೂ ಹೋಗ್ತದ, ನನ್ನ ಮಶೀನೂ ನಡೀತದ. ಬಸ್ಸೂ ಹಂಗ. ಶಕ್ತಿ ಯೋಜನಾ ಬಂದು ಟಿಕೆಟ್ ಪುಕ್ಕಟ ಆತು, ಛಲೋ ಆತು, ನಾನೂ ಅಡ್ಡಾಡೀನಿ. ಆದ್ರ ಮೊದಲನೇ ಮೆಟ್ಟಲ ನನ್ನ ಮೊಳಕಾಲಿನ ಮಟಾ ಬರ್ತದ. ಎಪ್ಪತ್ತರ ಮಾವಶಿ ಪುಕ್ಕಟ ಟಿಕೆಟ್ ಹಿಡಕೊಂಡು ಕೆಳಗ ನಿಂತಿರ್ತಾರ.

ಒಂದು ಮಾತು ಉಳೀತು. 2011ರಾಗ ಗಣತಿ ಮಾಸ್ತರು ನಮ್ಮನಿಗೆ ಬಂದಾಗ ನಾ ಒಳಗ ಒಗ್ಗರಣಿ ಹಾಕ್ತಿದ್ದೆ. ಅವರು "ಮನಿಯವರು ಏನು ಮಾಡ್ತಾರ?" ಅಂತ ಕೇಳಿದ್ರ ನಮ್ಮನಿಯವರು "ಏನಿಲ್ಲ, ಮನ್ಯಾಗ ಇರ್ತಾರ" ಅಂದ್ರು. ಆ ಫಾರ್ಮಿನ್ಯಾಗ ಮನಿಗೆಲಸ ಅನ್ನೋದು ಕೆಲಸ ಮಾಡದವರ ಪಟ್ಟಿಯೊಳಗ ಬರ್ತದಂತ, ಹಂಗಾಗಿ ಮಾಸ್ತರದ್ದೂ ತಪ್ಪಲ್ಲ. ಚಹಾ ಕುಡದು ಹೋದ್ರು. 2027ರಾಗ ಮತ್ತ ಬರ್ತಾರ. ಈ ಸಲ ಬಾಗಲಾ ನಾ ತಗೀತೀನಿ, ಉತ್ತರಾನೂ ನಾನ ಕೊಡ್ತೀನಿ ಅಂತ ನಮ್ಮನಿಯವರಿಗೆ ಈಗ ಹೇಳಿಟ್ಟೀನಿ.

ಮಗಳಿಗೆ ಇನ್ನೊಂದು ಹಡಿ ಅನ್ನೋದು ಬಿಟ್ಟೀನಿ. ಹಡದ್ರ ಸಂತೋಷ, ಹಡೀಲಿಲ್ಲ ಅಂದ್ರ ಆಕಿ ಮರ್ಜಿ. ಪಂಚಮಿ ಉಂಡಿ ಕೋರಿಯರ್ ಮಾಡಿದೆ, ಮೊಮ್ಮಗಳಿಗೆ ಗುಳ್ಳಡಕಿ ಉಂಡಿ ಸೇರಿತಂತ.

ಮುಂದಿನ ಐತವಾರ ಸಂಜೀಕ ನಾಕಕ್ಕ ನಮ್ಮ ಮನಿ ಕಟ್ಟಿ ಮ್ಯಾಲೆ ಕೂಡೋದದ. ವಾರ್ಡಿನ ಮೆಂಬರ್ ಅವರಿಗೆ ಆ ಖೋಲಿ ಸಲುವಾಗಿ ಅರ್ಜಿ ಬರೀಬೇಕು. ಸಹಿ ಹಾಕಲಿಕ್ಕೆ ನಿಮ್ಮ ನಿಮ್ಮ ಅತ್ತಿಯವರನ್ನೂ ಕರಕೊಂಡ ಬರ್ರಿ. ಕುರ್ಚಿ ಇಟ್ಟಿರ್ತೀವಿ, ಕಟ್ಟಿ ಹತ್ತೋದು ಬ್ಯಾಡ.